ನಾಯಿ ತಿರುಗಿ ನೋಡುವವರೆಗೆ

1970ರ ದಶಕದ ಒಂದು ಕಪ್ಪುಬಿಳುಪು ವಿಡಿಯೊ. ಎರಡು ನಾಯಿಗಳು ಅಕ್ಕಪಕ್ಕದಲ್ಲಿವೆ. ಎರಡೂ ಕ್ಯಾಮೆರಾದಿಂದ ಆಚೆಗಿರುವ ಏನನ್ನೋ ಎವೆಯಿಕ್ಕದೆ ನೋಡುತ್ತಿವೆ. ಎರಡು ತಲೆಗಳೂ ಒಟ್ಟಿಗೆ ಒಂದು ಕಡೆಗೆ ಹೊರಳುತ್ತವೆ, ಒಟ್ಟಿಗೆ ಮೇಲೇಳುತ್ತವೆ, ಥಟ್ಟನೆ ಕೆಳಗಿಳಿಯುತ್ತವೆ. ಅವು ನೋಡುತ್ತಿರುವುದು ಏನನ್ನು ಎಂಬುದು ನಮಗೆ ಕಾಣುವುದಿಲ್ಲ. ಕೊನೆಯಲ್ಲಿ ಗುಟ್ಟು ಬಯಲಾಗುತ್ತದೆ: ಒಂದು ಟೆನಿಸ್ ಚೆಂಡು. ಈ ವಿಡಿಯೊ ಮಾಡಿದವರು ಅಮೆರಿಕದ ಕಲಾವಿದ ವಿಲಿಯಂ ವೆಗ್‌ಮನ್. ನಾಯಿಯ ಭಾವಚಿತ್ರ ತೆಗೆಯಲು ಹೊರಟವರು ಯಾವ ಪಾಠಕ್ಕೂ ಮುಂಚೆ ಇದನ್ನೊಮ್ಮೆ ನೋಡಬೇಕು. ನಾಯಿಯ ಮುಖದಲ್ಲಿ ನಮಗೆ ಕಾಣುವ ಗಾಂಭೀರ್ಯ, ಆತಂಕ, ಆಸೆ ಎಲ್ಲದಕ್ಕೂ ಕಾರಣ ಚೌಕಟ್ಟಿನ ಹೊರಗಿರುತ್ತದೆ. ಅಲ್ಲಿ ಏನಿರಬೇಕು, ಯಾರಿರಬೇಕು ಎಂದು ತೀರ್ಮಾನಿಸುವುದೇ ಈ ಕಸುಬಿನ ಅರ್ಧ ಭಾಗ.

ಮನುಷ್ಯರ ಚಿತ್ರ ತೆಗೆಯುವವರಿಗೆ ಮಾತಿನ ಅನುಕೂಲವಿದೆ. ಗಲ್ಲ ಸ್ವಲ್ಪ ಕೆಳಗೆ, ಭುಜ ಇತ್ತ, ಹಾಗೇ ಇರಿ ಎಂದರೆ ಸಾಕು. ಎದುರಿಗೆ ಕೂತವರಿಗೂ ತಾವು ಹೇಗೆ ಕಾಣಬೇಕೆಂಬ ಆಸೆ ಇರುವುದರಿಂದ ಅವರೂ ಅರ್ಧ ಕೆಲಸ ಮಾಡಿಕೊಡುತ್ತಾರೆ. ನಾಯಿಗೆ ತನ್ನ ಚಿತ್ರದ ಗೊಡವೆಯೇ ಇಲ್ಲ. ಅದಕ್ಕೆ ಮುಖ್ಯವಾದದ್ದು ಈ ಕೋಣೆಯ ವಾಸನೆ, ಕಾಲಡಿಯ ನೆಲ, ಎದುರಿಗಿರುವ ವ್ಯಕ್ತಿ ನಂಬಬಹುದಾದವರೋ ಅಲ್ಲವೋ ಎಂಬುದು. ಈ ಮೂರೂ ಇತ್ಯರ್ಥವಾಗುವವರೆಗೆ ಅದು ಯಾರನ್ನೂ ನೋಡುವುದಿಲ್ಲ. ಆಮೇಲೆ ನೋಡಿದರೂ ನೋಡುವುದು ಲೆನ್ಸನ್ನಲ್ಲ, ಮುಖವನ್ನು.

ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನುಷ್ಯ ತನ್ನ ಕಡೆ ಮುಖ ಮಾಡಿದ್ದಾಗ ನಾಯಿಯ ಮುಖದ ಸ್ನಾಯುಗಳ ಚಲನೆ ಹೆಚ್ಚುವುದು ಕಂಡುಬಂತು. ತಿಂಡಿ ತೋರಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಇದೇ ತಂಡದವರು ಭಾಗಿಯಾಗಿದ್ದ 2019ರ ಇನ್ನೊಂದು ಅಧ್ಯಯನ ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಪುಟ್ಟ ಸ್ನಾಯುವನ್ನು ಕುರಿತದ್ದು. ನಾಯಿಗಳಲ್ಲಿ ಚೆನ್ನಾಗಿ ಬೆಳೆದಿರುವ ಈ ಸ್ನಾಯು ತೋಳಗಳಲ್ಲಿ ಹಾಗೆ ಇಲ್ಲ. ಹುಬ್ಬು ಮೇಲೆದ್ದು ಕಣ್ಣು ದೊಡ್ಡದಾಗಿ ಕಾಣುವ ಆ ನೋಟ, ನಾವೆಲ್ಲ ಕರಗಿಹೋಗುವ ನೋಟ, ಮನುಷ್ಯರ ಜೊತೆ ಸಾವಿರಾರು ವರ್ಷ ಬಾಳಿದ್ದರಿಂದ ನಾಯಿಗೆ ಬಂದದ್ದು ಎಂಬುದು ಅವರ ವಿವರಣೆ.

ಈಗ ಫೋಟೊಗ್ರಾಫರ್ ಮಾಡುವುದೇನು? ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ತನ್ನ ಮುಖವನ್ನೇ ಮರೆಮಾಡಿಕೊಳ್ಳುತ್ತಾನೆ. ನಾಯಿ ಓದಬೇಕಾದ ಕಣ್ಣು, ಹುಬ್ಬು, ಬಾಯಿ ಎಲ್ಲ ಮಾಯವಾಗಿ ಆ ಜಾಗದಲ್ಲಿ ಕಪ್ಪು ಗಾಜಿನ ಒಂದೇ ದೊಡ್ಡ ಕಣ್ಣು ಬಂದು ಕೂರುತ್ತದೆ. ಅದುವರೆಗೆ ಬಾಲ ಆಡಿಸುತ್ತಿದ್ದ ನಾಯಿ ಕ್ಯಾಮೆರಾ ಎತ್ತಿದೊಡನೆ ಮುಖ ತಿರುಗಿಸುವುದು ಇದಕ್ಕೇ. ಮನೆಯವರು ಅದನ್ನು ಹಟ ಎನ್ನುತ್ತಾರೆ. ಪಾಪ, ಅದು ಸೌಜನ್ಯ. ಎವೆಯಿಕ್ಕದ ದೊಡ್ಡ ಕಣ್ಣಿನೆದುರು ಜಗಳ ಬೇಡವೆಂದು ಮುಖ ತಿರುಗಿಸಿಕೊಳ್ಳುವುದು ನಾಯಿಗಳ ಲೋಕದ ಮರ್ಯಾದೆ. ಅನುಭವಿಗಳು ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಾಯಿಯ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ, ಫೋಕಸ್ಸು, ಬೆಳಕು ಎಲ್ಲ ಮೊದಲೇ ಹೊಂದಿಸಿ, ರಿಮೋಟ್ ಹಿಡಿದು ಅದರ ಪಕ್ಕದಲ್ಲಿ ಕೂರುತ್ತಾರೆ. ಈ ಕೆಲಸದಲ್ಲಿ ತಾಂತ್ರಿಕ ಸಿದ್ಧತೆ ಅಂತ ಏನಿದೆಯೋ ಅದೆಲ್ಲ ಒಂದೇ ಕಾರಣಕ್ಕೆ: ಆ ಗಳಿಗೆಯಲ್ಲಿ ಫೋಟೊಗ್ರಾಫರ್ ಕ್ಯಾಮೆರಾದ ಚಿಂತೆ ಬಿಟ್ಟು ನಾಯಿಯ ಜೊತೆ ಇರಲು ಸಾಧ್ಯವಾಗಬೇಕು.

ವೆಗ್‌ಮನ್ ಅವರ ಅತ್ಯುತ್ತಮ ಕೆಲಸ ಹುಟ್ಟಿದ್ದು ಇಂಥ ಸ್ಥಿತಿಯಲ್ಲೇ. 1943ರಲ್ಲಿ ಮಸಾಚುಸೆಟ್ಸ್ ರಾಜ್ಯದ ಹೋಲಿಯೋಕ್‌ನಲ್ಲಿ ಹುಟ್ಟಿದ ಅವರು ಓದಿದ್ದು ಚಿತ್ರಕಲೆ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳುತ್ತಿದ್ದಾಗ ವೈಮರನರ್ ತಳಿಯ ಒಂದು ಮರಿ ತಂದರು. ಜರ್ಮನಿ ಮೂಲದ ಬೇಟೆನಾಯಿ, ಮೈಯೆಲ್ಲ ಬೂದು ಬಣ್ಣ. ಅದಕ್ಕೆ ಹೆಸರಾಂತ ಕಲಾವಿದ ಮ್ಯಾನ್ ರೇ ಅವರ ಹೆಸರಿಟ್ಟರು. ಸ್ಟುಡಿಯೊದಲ್ಲಿ ಕಟ್ಟಿಹಾಕಿದರೆ ಮರಿ ಕುಂಯ್‌ಗುಡುತ್ತಿತ್ತು, ಬಿಟ್ಟರೆ ಕೆಲಸದ ನಡುವೆ ಬಂದು ನಿಲ್ಲುತ್ತಿತ್ತು. ಸರಿ, ಕೆಲಸದೊಳಗೇ ಅದನ್ನು ಸೇರಿಸಿಕೊಂಡರು. ಅಲ್ಲಿಂದ 12 ವರ್ಷ ಇಬ್ಬರೂ ಜೊತೆಯಾಗಿ ದುಡಿದರು. 1982ರಲ್ಲಿ ಮ್ಯಾನ್ ರೇ ತೀರಿಕೊಂಡಾಗ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ಆ ನಾಯಿಯನ್ನೇ ವರ್ಷದ ವ್ಯಕ್ತಿ ಎಂದು ಘೋಷಿಸಿತು.

1979ರಲ್ಲಿ ಪೋಲರಾಯ್ಡ್ ಕಂಪನಿ ತನ್ನ ದೈತ್ಯ ಕ್ಯಾಮೆರಾ ಬಳಸಿ ನೋಡಲು ವೆಗ್‌ಮನ್ ಅವರನ್ನು ಕರೆಯಿತು. ಕೆಲವೇ ಕೆಲವು ತಯಾರಾದ ಈ ಕ್ಯಾಮೆರಾದ ತೂಕ ನೂರು ಕಿಲೋ ದಾಟುತ್ತದೆ. ಗಾಲಿಗಳ ಮೇಲೆ ತಳ್ಳಿಕೊಂಡು ಹೋಗಬೇಕು. ಅದರಿಂದ ಬರುತ್ತಿದ್ದ ಚಿತ್ರ 20 ಇಂಚು ಅಗಲ, 24 ಇಂಚು ಎತ್ತರ. ನೆಗೆಟಿವ್‌ನಿಂದ ಹಿಗ್ಗಿಸಿದ್ದಲ್ಲ, ಕ್ಯಾಮೆರಾದಿಂದ ನೇರವಾಗಿ ಹೊರಬರುತ್ತಿದ್ದ ಮೂಲಪ್ರತಿ. ಒಂದು ಚಿತ್ರ ತೆಗೆದರೆ ಹಾಳೆ ಸುಲಿಯಲು ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕಿತ್ತು. ಹಾಳೆಯ ಬೆಲೆಯೂ ಕಡಿಮೆಯಿರಲಿಲ್ಲ, ಟಪಟಪ ಒತ್ತಿ ಆಮೇಲೆ ಆರಿಸಿಕೊಳ್ಳೋಣ ಎನ್ನುವಂತಿರಲಿಲ್ಲ. ಇನ್ನೂ ಮುಖ್ಯವಾದದ್ದೆಂದರೆ ಫಿಲ್ಮ್ ಹಾಕಿದ ಮೇಲೆ ಆ ಕ್ಯಾಮೆರಾದೊಳಗಿಂದ ನೋಡಲಾಗುತ್ತಿರಲಿಲ್ಲ. ಫೋಟೊಗ್ರಾಫರ್ ಅದರ ಪಕ್ಕ ನಿಲ್ಲಬೇಕಿತ್ತು, ಬರಿಗಣ್ಣಿನಿಂದ ನಾಯಿಯನ್ನು ನೋಡಬೇಕಿತ್ತು. ಮ್ಯಾನ್ ರೇಗೆ ಯಜಮಾನನ ಮುಖ ಪೂರ್ತಿ ಕಾಣುತ್ತಿತ್ತು. ಆ ದೊಡ್ಡ ಪೋಲರಾಯ್ಡ್‌ಗಳಲ್ಲಿ ನಾಯಿ ಅಷ್ಟು ನಿರಾಳವಾಗಿ, ಅಷ್ಟು ಘನತೆಯಿಂದ ಕೂತಿರುವುದರ ಹಿಂದೆ ಈ ಸರಳ ಕಾರಣವೂ ಇದೆ ಎಂದು ನಾನು ನಂಬಿದ್ದೇನೆ.

1982ರ ‘ಡಸ್ಟೆಡ್’ ಎಂಬ ಚಿತ್ರವನ್ನೇ ನೋಡಿ. ಕಪ್ಪು ಹಿನ್ನೆಲೆ, ಕೂತಿರುವ ಮ್ಯಾನ್ ರೇ, ಮೇಲಿನಿಂದ ಸುರಿಯುತ್ತಿರುವ ಬಿಳಿ ಪುಡಿ. ಅಷ್ಟೇ. ಆಗ ಅದಕ್ಕೆ ವಯಸ್ಸಾಗಿತ್ತು. ಮೈಮೇಲೆ ಏನೋ ಬೀಳುತ್ತಿದ್ದರೆ ಯಾವ ನಾಯಿಯಾದರೂ ಎದ್ದು ಮೈ ಕೊಡವಿಕೊಳ್ಳುತ್ತದೆ. ಅದು ಮಾತ್ರ ಕದಲಿಲ್ಲ. ಹನ್ನೆರಡು ವರ್ಷದ ಒಡನಾಟ ಇಲ್ಲದಿದ್ದರೆ ಈ ಚಿತ್ರ ಇಲ್ಲ. ಹಿಟ್ಟು ಯಾರು ಬೇಕಾದರೂ ಸುರಿಯಬಹುದು, ಆ ನಂಬಿಕೆಯನ್ನು ತರುವುದೆಲ್ಲಿಂದ?

1986ರಲ್ಲಿ ವೆಗ್‌ಮನ್ ಅವರ ಮನೆಗೆ ಫೇ ರೇ ಎಂಬ ಹೆಣ್ಣು ವೈಮರನರ್ ಬಂತು. ಆಮೇಲೆ ಅದರ ಮಕ್ಕಳು, ಮೊಮ್ಮಕ್ಕಳು. ಈ ಹಂತದಲ್ಲಿ ನಾಯಿಗಳಿಗೆ ಅಂಗಿ, ಟೋಪಿ, ಕೂದಲು ತೊಡಿಸಿ, ಹಿಂದೆ ನಿಂತವರ ಕೈಗಳನ್ನೇ ನಾಯಿಯ ಕೈಯೆಂಬಂತೆ ತೋರಿಸಿದ ಚಿತ್ರಗಳು ಜಗತ್ಪ್ರಸಿದ್ಧವಾದವು. ಮಕ್ಕಳಿಗೆ ಅವು ಅಚ್ಚುಮೆಚ್ಚು. ನನಗೆ ಮಾತ್ರ ಬರಿಮೈಯ ಚಿತ್ರಗಳೇ ದೊಡ್ಡವು. ಅಲ್ಲಿ ನಾಯಿ ನಾಯಿಯಾಗಿಯೇ ಇದೆ. ವೆಗ್‌ಮನ್ ನಾಯಿಗಳನ್ನು ಎತ್ತರದ ಪೀಠದ ಮೇಲೆ ಕೂರಿಸುತ್ತಿದ್ದುದರಲ್ಲೂ ಉಪಾಯವಿದೆ: ಸುತ್ತ ಹೆಜ್ಜೆ ಇಡಲು ಜಾಗವಿಲ್ಲದ ಕಡೆ ನಾಯಿ ತಾನಾಗಿ ಸ್ಥಿರವಾಗುತ್ತದೆ, ಅದರ ಕಣ್ಣು ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ತಳಿಯ ಬಣ್ಣವೂ ಸಹಾಯ ಮಾಡಿತು. ಕ್ಯಾಮೆರಾದ ಮೀಟರುಗಳೆಲ್ಲ ಅಳತೆಗೆ ಇಟ್ಟುಕೊಂಡಿರುವುದು ನಡುಬೂದು ಬಣ್ಣವನ್ನು. ವೈಮರನರ್ ಮೈ ಹೆಚ್ಚು ಕಡಿಮೆ ಆ ಬಣ್ಣವೇ. ಸುತ್ತಲಿನ ಬೆಳಕು ನೀಲಿಯಾದರೆ ಅದು ನೀಲಿಗೆ ತಿರುಗುತ್ತದೆ, ಹಳದಿಯಾದರೆ ಹೊನ್ನಾಗುತ್ತದೆ.

ಎಲ್ಲ ನಾಯಿಗಳೂ ಹೀಗೆ ಬೆಳಕಿಗೆ ಒಲಿಯುವುದಿಲ್ಲ. ನಮ್ಮ ಬೀದಿಯ ಕರಿಯನನ್ನು ಕರೆತನ್ನಿ. ಕ್ಯಾಮೆರಾ ಅವನ ಮೈಯನ್ನು ನಡುಬೂದು ಮಾಡಿಯೇ ತೀರುತ್ತೇನೆಂದು ಹೊರಟು ಬೆಳಕು ಹೆಚ್ಚಿಸುತ್ತದೆ, ಫೋಟೊದಲ್ಲಿ ನಾಯಿ ಬೂದಿ ಬಳಿದುಕೊಂಡು ನಿಂತಿರುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇಳಿಸಬೇಕು. ಇಳಿಸಿದ ಮೇಲೆ ಇನ್ನೊಂದು ತೊಂದರೆ: ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಒಂದೇ ಕತ್ತಲಾಗಿ ಕಲಸಿಹೋಗುತ್ತವೆ. ಕಪ್ಪು ಕೂದಲಿಗೆ ಆಕಾರ ಕೊಡುವುದು ಅದರ ಮೇಲಿನ ಹೊಳಪು. ಆ ಹೊಳಪು ಬರಬೇಕಾದರೆ ಬೆಳಕಿನ ಮೂಲ ದೊಡ್ಡದಾಗಿರಬೇಕು, ಹತ್ತಿರವಿರಬೇಕು, ಪಕ್ಕದಿಂದ ಬರಬೇಕು. ದೊಡ್ಡ ಸಾಫ್ಟ್‌ಬಾಕ್ಸ್ ಆಗಬಹುದು, ತೆರೆದ ಬಾಗಿಲೂ ಆಗಬಹುದು. ಬಿಳಿ ಪಾಮೇರಿಯನ್‌ಗೆ ಇದೆಲ್ಲ ತಿರುವುಮುರುವು.

ಕಣ್ಣಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಯಿಯ ಕಣ್ಣುಗುಡ್ಡೆ ಸಾಮಾನ್ಯವಾಗಿ ಗಾಢ ಕಂದು, ನಮ್ಮಲ್ಲಿ ಕಾಣುವಷ್ಟು ಬಿಳಿಭಾಗ ಅಲ್ಲಿ ಕಾಣುವುದಿಲ್ಲ. ಒಂದು ಚುಕ್ಕೆ ಬೆಳಕು ಅದರಲ್ಲಿ ಪ್ರತಿಫಲಿಸದಿದ್ದರೆ ಚಿತ್ರಕ್ಕೆ ಜೀವವೇ ಇರುವುದಿಲ್ಲ. ಮನುಷ್ಯರಿಗೆ ಇಡುವ ಎತ್ತರದಲ್ಲೇ ದೀಪ ಇಟ್ಟರೆ ಹುಬ್ಬಿನ ಕೂದಲು ಕಣ್ಣಿಗೆ ನೆರಳು ಮಾಡುತ್ತದೆ, ಹಾಗಾಗಿ ದೀಪವನ್ನು ಇಳಿಸಬೇಕು. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶನ್ನು ನೇರವಾಗಿ ಹೊಡೆಯಲೇಬಾರದು. ನಾಯಿಯ ಅಕ್ಷಿಪಟಲದ ಹಿಂದೆ ಬೆಳಕನ್ನು ಕನ್ನಡಿ ಹಾಗೆ ಹಿಂದಿರುಗಿಸುವ ಪದರವೊಂದಿದೆ. ರಾತ್ರಿ ವಾಹನದ ದೀಪಕ್ಕೆ ಅದರ ಕಣ್ಣು ಹಸಿರಾಗಿ ಉರಿಯುವುದು ಅದರಿಂದಲೇ. ಇನ್ನು ಬಣ್ಣ. ನಾಯಿಗೆ ಚೆನ್ನಾಗಿ ಬೇರೆಬೇರೆಯಾಗಿ ಕಾಣುವುದು ನೀಲಿ ಮತ್ತು ಹಳದಿ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಅದಕ್ಕೆ ತಿಳಿಯುವುದು ಕಷ್ಟ. ಹುಲ್ಲಿನ ಮೇಲೆ ಕೆಂಪು ಚೆಂಡು ಆಡಿಸಿ ಅದರ ಗಮನ ಸೆಳೆಯಲು ಹೆಣಗುವವರು ಒಂದು ನೀಲಿ ಚೆಂಡು ಕೊಂಡರೆ ಸಾಕು.

ಮೂತಿಯ ಉದ್ದಕ್ಕೂ ನೋಟಕ್ಕೂ ಸಂಬಂಧವಿದೆ ಎಂದರೆ ಆಶ್ಚರ್ಯವಾಗಬಹುದು. ಸಿಡ್ನಿಯ ಸಂಶೋಧಕರು 2004ರಲ್ಲಿ ಇದನ್ನು ತೋರಿಸಿಕೊಟ್ಟರು. ಉದ್ದ ಮೂತಿಯ ತಳಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡವಾದ ಪಟ್ಟಿಯಾಗಿ ಹರಡಿರುತ್ತವೆ. ಪಗ್‌ನಂಥ ಮೊಂಡು ಮೂತಿಯವುಗಳಲ್ಲಿ ಅವು ನಡುವೆ ಗುಂಪುಗೂಡಿರುತ್ತವೆ. ಬಯಲಿನ ಅಂಚಿನಲ್ಲಿ ಓಡುವ ಮೊಲವನ್ನು ಹಿಡಿಯಲು ಅಡ್ಡಪಟ್ಟಿ ಬೇಕು. ತೊಡೆಯ ಮೇಲೆ ಕೂತು ಯಜಮಾನರ ಮುಖ ನೋಡಲು ನಡುವಿನ ಗುಂಪು ಒಳ್ಳೆಯದು. ಬೇಟೆನಾಯಿಯ ಭಾವಚಿತ್ರ ತೆಗೆಯುವವರಿಗೆ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಮುಧೋಳದ ಹತ್ತಿರದ ಒಂದು ಹಳ್ಳಿಯಲ್ಲಿ ನನಗಿದು ಕಣ್ಣಾರೆ ಕಂಡಿತು. ಹೊಲದ ಬದುವಿನ ಮೇಲೆ ನಿಂತಿದ್ದ ಮುಧೋಳ ತಳಿಯ ಹೆಣ್ಣು ಬೇಟೆನಾಯಿ, ಬೆಳಗಿನ ಓರೆ ಬಿಸಿಲು, ಎದೆಗೂಡಿನ ಒಂದೊಂದು ಎಲುಬಿನ ನೆರಳೂ ಎಣಿಸುವಂತಿತ್ತು. ನಾನು ಕರೆದೆ, ಸಿಳ್ಳೆ ಹಾಕಿದೆ, ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡಿದೆ. ಕಿವಿ ಒಮ್ಮೆ ಇತ್ತ ತಿರುಗಿತೇ ಹೊರತು ಕಣ್ಣು ತಿರುಗಲಿಲ್ಲ. ಯಜಮಾನರಾದ ಹಿರಿಯ ರೈತರು ನೋಡಿ ನೋಡಿ ಹೇಳಿದರು: “ಅದು ನಿಮ್ಮನ್ನ ನೋಡೂದಿಲ್ರಿ ಸರ. ಅಲ್ಲಿ ಕಬ್ಬಿನ್ಯಾಗ ಏನೋ ಅಲಗ್ಯಾಡಾಕತ್ತೈತಿ, ಅದನ್ನ ನೋಡತೈತಿ. ನೀವು ಸುಮ್ಮ ಕುಂದರ್ರಿ.”

ಸುಮ್ಮನೆ ಕೂತೆ. ಬಯಲು ಕಾಣುತ್ತಿರುವಷ್ಟು ಹೊತ್ತೂ ನಾಯಿ ಬಯಲಿನದೇ ಎಂಬುದು ಅರ್ಥವಾಯಿತು. ಅವರ ದನದ ಕೊಟ್ಟಿಗೆಗೆ ಬಂದೆವು. ಒಂದೇ ಬಾಗಿಲು, ಒಳಗೆ ಕತ್ತಲು. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಗೋಣಿಚೀಲ ಹಾಸಿ, ಹಿಂದೆ ಗಳುವಿಗೆ ಅವರ ಕರಿ ಕಂಬಳಿ ಇಳಿಬಿಟ್ಟೆವು. ಕಂಬಳಿಯ ಒರಟು ಉಣ್ಣೆ ಬೆಳಕನ್ನು ಕುಡಿದುಬಿಡುತ್ತದೆ, ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ಸಿಗುವ ಬ್ಯಾಕ್‌ಡ್ರಾಪ್ ಬಟ್ಟೆಗಿಂತ ಚೆನ್ನಾಗಿ. ನಾಯಿ ಒಳಗೆ ಬಂತು. ಕ್ಯಾಮೆರಾ ಚೀಲ ಮೂಸಿತು, ಟ್ರೈಪಾಡಿನ ಕಾಲು ಮೂಸಿತು, ನನ್ನ ಅಂಗೈ ಮೂಸಿತು, ಹೊರಗೆ ಹೋಯಿತು. ಮತ್ತೆ ಬಂತು. ಹೀಗೆ ಹೋಗಿ ಬರುವುದನ್ನು ತಡೆಯಬಾರದು. ಹಗ್ಗ ಹಿಡಿದು ಎಳೆದರೆ ಆ ದಿನದ ಕೆಲಸ ಅಲ್ಲಿಗೆ ಮುಗಿದಂತೆ. ಸುಮಾರು ಹೊತ್ತಾದ ಮೇಲೆ ಅದು ಚೀಲದ ಮೇಲೆ ಮುಂಗಾಲು ಚಾಚಿ ಮಲಗಿತು. ಯಜಮಾನರು ನನ್ನ ಭುಜಕ್ಕೆ ಭುಜ ತಾಗಿಸಿ ನೆಲದ ಮೇಲೆ ಕೂತು ಮೆಲ್ಲಗೆ ಏನೋ ಮಾತಾಡಿದರು. ನಾಯಿ ತಲೆಯೆತ್ತಿ ಅವರನ್ನು ನೋಡಿತು.

ಇಂಥಲ್ಲಿ ಲೆಕ್ಕ ಮೊದಲೇ ಮುಗಿದಿರಬೇಕು. ಮುಧೋಳ ನಾಯಿಯ ಮೂಗಿನ ತುದಿಗೂ ಕಣ್ಣಿಗೂ ಸಾಕಷ್ಟು ಅಂತರ. 85 ಮಿ.ಮೀ. ಲೆನ್ಸಿನಲ್ಲಿ ಒಂದೂವರೆ ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವುದು ಮೂರೇ ಸೆಂಟಿಮೀಟರ್. ಕಣ್ಣು ಬಂದರೆ ಮೂಗು ಮಸುಕು. ಎಫ್ 8ಕ್ಕೆ ಹೋದರೆ ಸುಮಾರು 14 ಸೆಂಟಿಮೀಟರ್ ಸಿಗುತ್ತದೆ, ಆದರೆ ಕೊಟ್ಟಿಗೆಯ ಬೆಳಕಿನಲ್ಲಿ ಶಟರ್ ನಿಧಾನವಾಗಿ ಕಿವಿ ಅಲುಗಿದ್ದೂ ಮಸುಕಾಗುತ್ತದೆ. ನಾನು ಎಫ್ 4ರಲ್ಲಿ ನಿಂತೆ. ಮೂಗು ಕೊಂಚ ಮೆತ್ತಗಾಗಿದೆ, ಕಣ್ಣಿನ ರೆಪ್ಪೆ ಒಂದೊಂದೂ ಇದೆ. ಕಣ್ಣಲ್ಲಿ ಬಾಗಿಲಿನ ಚೌಕ, ಆ ಚೌಕದಲ್ಲಿ ಪೇಟ ಕಟ್ಟಿದ ತಲೆಯ ಆಕಾರ. ಅದು ಯಾರನ್ನು ನೋಡುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹತ್ತಿರದಿಂದ ವೈಡ್ ಲೆನ್ಸ್ ಹಿಡಿದು ಮೂಗನ್ನು ಬೋಂಡದಷ್ಟು ದಪ್ಪ ಮಾಡುವ ಚಿತ್ರಗಳಿಗೆ ಮೆಚ್ಚುಗೆ ಬೇಗ ಸಿಗುತ್ತದೆ. ಅವುಗಳನ್ನು ಎರಡನೇ ಸಲ ನೋಡುವವರು ಕಡಿಮೆ. ನಗುವ ನಾಯಿ ಎಂದು ಹಂಚಿಕೊಳ್ಳುವ ಚಿತ್ರಗಳ ಬಗ್ಗೆಯೂ ಎಚ್ಚರ ಬೇಕು. ಬಾಯಿ ಅಗಲಿಸಿ ನಾಲಿಗೆ ಚಾಚಿ ತೇಕುವ ನಾಯಿಗೆ ಬಹಳ ಸಲ ಸೆಕೆಯಾಗಿರುತ್ತದೆ, ಇಲ್ಲವೇ ಹೆದರಿಕೆಯಾಗಿರುತ್ತದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಮತ್ತೆಮತ್ತೆ ತುಟಿ ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ ಸಾಕು ಎನ್ನುವ ಬಗೆ. ಆಗ ದೀಪ ಆರಿಸಿ ನೀರು ಕೊಟ್ಟು ಹೊರಗೆ ಬಿಡಬೇಕು. ಸ್ಟುಡಿಯೊದ ನುಣುಪು ಟೈಲ್ಸ್ ಮೇಲೆ ಕಾಲು ಜಾರುವ ನಾಯಿ, ಅದರಲ್ಲೂ ಮುದಿ ನಾಯಿ, ಮೈಯೆಲ್ಲ ಬಿಗಿ ಹಿಡಿದೇ ನಿಂತಿರುತ್ತದೆ. ಒಂದು ಜಮಖಾನ ಹಾಸಿದರೆ ಅದರ ಮುಖವೇ ಬದಲಾಗುತ್ತದೆ. ನಮಗೆ ಕೇಳಿಸದ ಸದ್ದೂ ಅದಕ್ಕೆ ಕೇಳಿಸುತ್ತದೆ. ನಮ್ಮ ಕಿವಿಯ ಮಿತಿ 20 ಸಾವಿರ ಹರ್ಟ್ಸ್ ಆದರೆ ಅದರದ್ದು ಸುಮಾರು 45 ಸಾವಿರ. ಫ್ಲ್ಯಾಶ್ ಚಾರ್ಜ್ ಆಗುವಾಗಿನ ಸಣ್ಣ ಕೀರಲು ನಮಗೆ ಏನೂ ಅಲ್ಲ, ಅದಕ್ಕೆ ಕಿರಿಕಿರಿ.

ಸದ್ದನ್ನು ಉಪಾಯವಾಗಿ ಬಳಸಿದವರೂ ಇದ್ದಾರೆ. ಮ್ಯಾಗ್ನಮ್ ಸಂಸ್ಥೆಯ ಛಾಯಾಗ್ರಾಹಕ ಎಲಿಯಟ್ ಅರ್ವಿಟ್ (1928–2023) ಬೀದಿಯಲ್ಲಿ ನಾಯಿ ಕಂಡರೆ ತಾವೇ ಬೊಗಳಿ ಅದರ ಪ್ರತಿಕ್ರಿಯೆಯನ್ನು ಸೆರೆಹಿಡಿಯುತ್ತಿದ್ದರು. 1946ರ ಅವರ ನ್ಯೂಯಾರ್ಕ್ ಚಿತ್ರದಲ್ಲಿ ಸ್ವೆಟರ್ ತೊಟ್ಟ ಪುಟಾಣಿ ಚಿವಾವಾ ನಾಯಿಯೊಂದು ಹೆಂಗಸಿನ ಪಾದಗಳ ಪಕ್ಕ ನಿಂತಿದೆ. ಕ್ಯಾಮೆರಾ ಇಳಿದಿರುವುದು ನೆಲದ ಮಟ್ಟಕ್ಕೆ. ನಾಯಿ ಬದುಕುವ ಎತ್ತರದಿಂದಲೇ ಅದನ್ನು ನೋಡಬೇಕೆಂಬುದನ್ನು ಅಷ್ಟು ಹಿಂದೆಯೇ ಅವರು ಮಾಡಿ ತೋರಿಸಿದ್ದರು. ಬೊಗಳುವುದು, ಕೀಕೀ ಆಟಿಕೆ ಒತ್ತುವುದು ಎಲ್ಲ ಮೊದಲ ಕೆಲವು ಸಲಕ್ಕೆ ಮಾತ್ರ ನಡೆಯುತ್ತದೆ. ಆಮೇಲೆ ನಾಯಿ ಆ ಸದ್ದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬೇಯಿಸಿದ ಕೋಳಿಯ ಚೂರು ತೋರಿಸಿದರೆ ಕಣ್ಣು ಅರಳುತ್ತದೆ ನಿಜ, ಜೊತೆಗೆ ಜೊಲ್ಲೂ ಇಳಿಯುತ್ತದೆ, ಮುಖದಲ್ಲಿ ಬೇಡುವ ಭಾವವೊಂದೇ ಉಳಿಯುತ್ತದೆ. ತಿಂಡಿ ಕೊಡಬೇಕಾದ್ದು ಚಿತ್ರ ಆದ ಮೇಲೆ.

ಇನ್ನು ಚಿತ್ರದ ಮುದ್ರಣ. ಅದು ಬಲ್ಲವರ ಜೊತೆ ಕೂತು ಮಾಡಬೇಕಾದ ಕೆಲಸ. ಹತ್ತಿಯ ಮ್ಯಾಟ್ ಕಾಗದ ನೋಡಲು ಬಹಳ ಚಂದ, ಆದರೆ ಅದರಲ್ಲಿ ಕಪ್ಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಕರಿಯನಂಥವರಿಗೆ ತುಸು ಹೊಳಪಿನ ಬರೈಟಾ ಕಾಗದ ಮೇಲು. ಕಂಪ್ಯೂಟರಿನಲ್ಲಿ ಕಣ್ಣನ್ನು ಬೆಳಗಿಸುವ ಆಸೆಗೆ ಕಡಿವಾಣ ಹಾಕಿಕೊಳ್ಳಬೇಕು. ವಯಸ್ಸಾದ ನಾಯಿಯ ಕಣ್ಣಿನಲ್ಲಿ ಬರುವ ನೀಲಿ ಮಬ್ಬನ್ನು ಅಳಿಸಿ ಎಂದು ಮನೆಯವರು ಕೇಳಿಕೊಳ್ಳುತ್ತಾರೆ. ಅಳಿಸಬೇಡಿ. ಆ ಕಣ್ಣಿಂದಲೇ ಅದು ಅವರನ್ನು ನೋಡುತ್ತಿದ್ದದ್ದು.

ನಾಯಿಯ ಚಿತ್ರಕ್ಕೆ ಇಷ್ಟು ಶ್ರಮವೇ ಎನ್ನುವವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ನೋಡಬೇಕು. ಕ್ರಿ.ಶ. 949–50ರ ಶಾಸನ ಅದು. ಚೋಳರ ವಿರುದ್ಧ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ವೀರನು ಬಹುಮಾನವಾಗಿ ಗಂಗರ ಅರಸ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದನ್ನು ಪೂಜಿಸದೆ ಅರ್ಚಕರು ಉಣ್ಣಬಾರದೆಂದು ಕಟ್ಟುಮಾಡಿದರು. ಹಂದಿಯ ಎದುರು ನಿಂತ ಕಾಳಿಯನ್ನು ಶಿಲ್ಪಿ ಕಲ್ಲಿನಲ್ಲಿ ಕಡೆದಿದ್ದಾನೆ. ನಮ್ಮ ನಾಡಿನಲ್ಲಿ ಹೆಸರು ಹಿಡಿದು ಗುರುತಿಸಬಹುದಾದ ನಾಯಿಯ ಚಿತ್ರಕ್ಕೆ ಸಾವಿರ ವರ್ಷ ದಾಟಿದೆ.

ಮುಧೋಳದ ನಾಯಿಗೂ ಕೀರ್ತಿಗೆ ಕೊರತೆಯಿಲ್ಲ. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆ ಅದನ್ನು ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟರು, 2005ರಲ್ಲಿ ಅದರ ಅಂಚೆಚೀಟಿ ಬಂತು, ಸೇನೆ ತರಬೇತಿಗೆ ಆರಿಸಿಕೊಂಡಿತು, ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಆದರೂ ನಮ್ಮ ಕಣ್ಣಿಗೆ ಬೀಳುವ ಅದರ ಚಿತ್ರಗಳೆಲ್ಲ ಹೆಚ್ಚಾಗಿ ಪಕ್ಕದಿಂದ ತೆಗೆದವು: ಕಾಲು ನೇರ, ಬೆನ್ನಿನ ಕಮಾನು ಸರಿ, ಬಾಲ ಕೆಳಗೆ. ತಳಿಯ ಲಕ್ಷಣ ತೋರಿಸಲು ಅವು ಬೇಕು. ಅವುಗಳಲ್ಲಿ ತಳಿ ಕಾಣುತ್ತದೆ, ಈ ಮನೆಯ ಈ ನಾಯಿ ಕಾಣುವುದಿಲ್ಲ. ವೆಗ್‌ಮನ್ ಒಂದು ನಾಯಿಗೆ ಹನ್ನೆರಡು ವರ್ಷ ಕೊಟ್ಟ ಹಾಗೆ ನಮ್ಮ ಯುವ ಛಾಯಾಗ್ರಾಹಕರಲ್ಲಿ ಯಾರಾದರೂ ಒಬ್ಬರು ಮುಧೋಳ ಸೀಮೆಯ ನಾಲ್ಕಾರು ನಾಯಿಗಳಿಗೆ ನಾಲ್ಕಾರು ಚಳಿಗಾಲ ಕೊಡಬೇಕು. ನವೆಂಬರಿನಿಂದ ಜನವರಿಯವರೆಗೆ ಹೋಗುವುದು ಒಳ್ಳೆಯದು. ಸೆಕೆ ಇಲ್ಲದ್ದರಿಂದ ನಾಯಿ ಬಾಯಿ ಮುಚ್ಚಿಕೊಂಡಿರುತ್ತದೆ, ಬಿಸಿಲು ಒಂಬತ್ತು ಗಂಟೆಯವರೆಗೂ ಓರೆಯಾಗಿಯೇ ಇರುತ್ತದೆ. ಕಬ್ಬಿನ ಕಟಾವು ನಡೆಯುವ ಕಾಲವಾದ್ದರಿಂದ ಮನೆಯವರೆಲ್ಲ ಹೊಲದಲ್ಲಿ ಸಿಗುತ್ತಾರೆ, ನಾಯಿಗಳೂ ಅಲ್ಲೇ ಇರುತ್ತವೆ.